ಕೆರೆಯ ತಳದ ಉಂಗುರಗಳು

ಅರವತ್ತರ ದಶಕದ ಆರಂಭದಲ್ಲಿ ಧಾರವಾಡದ ಒಂದು ಸರಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದೆ. ಆ ಕೋಣೆಯಲ್ಲಿ ನಾನೊಬ್ಬಳೇ ಹೆಂಗಸು. ಆದರೆ ನನ್ನ ಗೆರೆ ಯಾರ ಗೆರೆಗೂ ಕಡಿಮೆಯಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಕೆಲಗೇರಿಯ ಆಚೆಗಿನ ಸಣ್ಣ ಕೆರೆಯೊಂದಕ್ಕೆ ಕಲ್ಲಿನ ಮೆಟ್ಟಿಲು ಕಟ್ಟುವುದಿತ್ತು, ಹೆಂಗಸರು ಬಟ್ಟೆ ಒಗೆಯಲಿಕ್ಕೆ. ಅಳತೆಯವರು ಕೆರೆಯ ನಡುವೆ ಗೂಟ ನೆಟ್ಟು, ಅಲ್ಲಿಂದ ಹದಿನಾರು ದಿಕ್ಕಿಗೆ ಹಗ್ಗ ಎಳೆದು, ತೆಪ್ಪದ ಮೇಲೆ ಸಾಗುತ್ತ ಇಪ್ಪತ್ತು ಅಡಿಗೊಮ್ಮೆ ಬಿದಿರಿನ ಗಳ ಇಳಿಸಿ ಆಳ ಬರೆದುಕೊಂಡು ಬಂದಿದ್ದರು. ನಾನು ಹಾಳೆಯ ಮೇಲೆ ಬಂಡಿಗಾಲಿಯ ಅರಗಳಂತೆ ಹದಿನಾರು ಗೆರೆ ಎಳೆದು, ಅಂಕಿಗಳನ್ನಿಟ್ಟು, ಒಂದೇ ಆಳದ ಬಿಂದುಗಳನ್ನು ಪೆನ್ಸಿಲಿನಿಂದ ಕೂಡಿಸುತ್ತ ಹೋದೆ. ಒಂದರೊಳಗೊಂದು ಉಂಗುರಗಳು ಮೂಡಿದವು.

ಆದರೆ ದಡದ ಹತ್ತಿರ, ಮೆಟ್ಟಿಲು ಬರಬೇಕಾದಲ್ಲೇ, ಮೂರು ಅಡಿಯ ಅಂಕಿಗಳ ನಡುವೆ ಒಂದು ಹದಿನಾಲ್ಕು ಕೂತಿತ್ತು. ಸಾಹೇಬರಿಗೆ ತೋರಿಸಿದೆ.

"ಬರಿಯೂದರಾಗ ನಾಲ್ಕರ ಹಿಂದ ಒಂದು ಸೇರೈತಿ. ತಿದ್ದಿ ಮುಗಿಸವಾ," ಎಂದರು.

"ತಿದ್ದಬಹುದ್ರಿ. ಆದ್ರ ಗೂಟದ ಹತ್ರ ಗೆರಿ ಒತ್ತೊತ್ತಾಗಿ ಅದಾವ, ದಂಡಿಗೆ ಬಂದ್ರ ಎರಡರ ನಡುವ ನಲವತ್ತು ಅಡಿ ಖಾಲಿ. ಅಲ್ಲೇನೈತಿ ಅಂತ ಯಾರೂ ನೋಡಿಲ್ರಿ."

"ಇಲ್ಲಿ ಕುಂತು ಕೆರಿ ತಳ ಕಾಣಸ್ತೈತೇನು ನಿನಗ?"

"ಕಾಣೂದಿಲ್ರಿ. ಅದಕ್ಕ ಇನ್ನೊಮ್ಮೆ ಅಳಿಯೂಣು ಅನ್ನಾಕತ್ತೇನಿ."

ಅಕ್ಕಪಕ್ಕದ ಮೇಜಿನವರು ಕೆಲಸ ನಿಲ್ಲಿಸಿ ನೋಡಿದರು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಹಂಗಾರ ನಾಳೆ ನೀನೂ ಬಾ."

ಮರುದಿನ ಸೆರಗು ಬಿಗಿದು, ಸೀರೆಗೆ ಕಚ್ಚೆ ಹಾಕಿ ತೆಪ್ಪ ಹತ್ತಿದೆ. ಅನುಮಾನದ ಜಾಗವನ್ನೇ ನಡುಬಿಂದು ಮಾಡಿಕೊಂಡು ಸುತ್ತ ಎಂಟು ದಿಕ್ಕಿಗೆ, ಎರಡೆರಡು ಅಡಿಗೆ ಅಳತೆಯವನಿಂದ ಗಳ ಹಾಕಿಸಿದೆ. ದೂರದಲ್ಲಿ ಮೂರು ಅಡಿಗೇ ಕೆಸರು ಸಿಗುತ್ತಿತ್ತು. ಒಳಗೆ ಬಂದಂತೆ ಗಳ ಕಲ್ಲಿಗೆ ಟಕ್ ಎಂದು ಬಡಿಯಿತು. ಇನ್ನೆರಡು ಅಡಿ ಒಳಗೆ ಹಾಕಿದರೆ ಸರ್ರನೆ ಕೆಳಗಿಳಿದು, ಹಿಡಿದವನ ಕೈ ನೀರು ಮುಟ್ಟಿತು. ಅದೊಂದು ಹಳೆಯ ಬಾವಿ, ಸುತ್ತಲೂ ಕಲ್ಲಿನ ಕಟ್ಟೆಯಿತ್ತು.

ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಮುದುಕಿಯೊಬ್ಬಳು ಕೂಗಿದಳು: "ಅಲ್ಲಿ ಬಾವಿ ಐತಿ ಅಂತ ನಮ್ಮತ್ತಿ ಹೇಳ್ತಿದ್ಲವಾ! ನೀವು ಯಾರೂ ನನ್ನ ಕೇಳಲಿಲ್ಲ."

ಸಾಹೇಬರು ಜೋರಾಗಿ ನಕ್ಕುಬಿಟ್ಟರು. ನನಗೂ ನಗು ತಡೆಯಲಾಗಲಿಲ್ಲ. ಆಮೇಲೆ ಸಾಹೇಬರು ಮುದುಕಿಯ ಬಳಿಗೇ ಹೋಗಿ, ಮೆಟ್ಟಿಲು ಎಲ್ಲಿದ್ದರೆ ಅನುಕೂಲ ಎಂದು ಕೇಳಿದರು. ಅವಳು ಮೂಡಣ ದಂಡೆ ತೋರಿಸಿದಳು. ಅಲ್ಲಿಯ ಅಂಕಿಗಳೂ ಹೊಂದಿದವು. ಮೆಟ್ಟಿಲು ಅಲ್ಲೇ ಆದವು.

ನಕ್ಷೆಯಲ್ಲಿ ಬಾವಿಯ ಸುತ್ತ ಮೂರು ಪುಟ್ಟ ಉಂಗುರ ಬಿದ್ದವು. ಅವನ್ನು ಕಪ್ಪು ಶಾಯಿಯಲ್ಲಿ ಎಳೆದು, "ಬರೆದವರು" ಎಂದಿದ್ದಲ್ಲಿ ನನ್ನ ಪೂರ್ತಿ ಹೆಸರು ಹಾಕಿದೆ. ಸಾಹೇಬರು ಒಂದು ಅಕ್ಷರವನ್ನೂ ತಿದ್ದದೆ ಕೆಳಗೆ ಸಹಿ ಮಾಡಿದರು.