ಅಕ್ಕನ ಗೆಣ್ಣಿನ ಮೇಲಿನ ಗುಡ್ಡಗಳು

ಬಟ್ಟೆ ಅಂಟಿಸಿದ ಹಳೆಯ ನಕ್ಷೆಯ ಮಡಿಕೆ ಬಿಚ್ಚಿದರೆ ಒಂದು ವಾಸನೆ ಬರುತ್ತದೆ. ಒಣಗಿದ ಅಂಟು, ನುಸಿಗುಳಿಗೆ, ಅದರೊಳಗೆ ಅಪ್ಪಯ್ಯನ ಖಾಕಿ ಅಂಗಿಯ ಬೆವರು. ಕೊಪ್ಪದ ಶಾಲೆಯಲ್ಲಿ ಭೂಗೋಳ ಹೇಳಿಕೊಡುವ ನಾನು ವರ್ಷಕ್ಕೊಮ್ಮೆ ಮಕ್ಕಳೆದುರು ಅದನ್ನು ಬಿಚ್ಚುತ್ತೇನೆ. ಬಿಚ್ಚಿದಾಗೆಲ್ಲ ಹಳೆಯ ಹೊಟ್ಟೆಕಿಚ್ಚು ಹೊತ್ತಿಕೊಳ್ಳುತ್ತದೆ. ನಲವತ್ತು ದಾಟಿದ ಮೇಲೂ ಇದೆಂಥದು ಎಂದು ನೀವು ನಗಬಹುದು. ಒಡಹುಟ್ಟಿದವರ ಜೊತೆ ಬೆಳೆದವರು ಮಾತ್ರ ನಗಲಾರರು.

ಅಪ್ಪಯ್ಯ ಕೆರೆಕಟ್ಟೆಯ ಕಡೆ ಫಾರೆಸ್ಟ್ ಗಾರ್ಡ್. ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಅವರು, ಅಮ್ಮ, ಅಕ್ಕ ಸುಜಾತ, ನಾನು. ಸಂಜೆ ಜಗಲಿಯಲ್ಲಿ ನಕ್ಷೆ ಹರಡಿ ಅವರು ಕರೆಯುತ್ತಿದ್ದದ್ದು ಅಕ್ಕನನ್ನೇ. ಅವಳ ಮುಷ್ಟಿ ಬಿಗಿಸಿ, ಗೆಣ್ಣುಗಳ ಸುತ್ತ ನೀಲಿ ಪೆನ್ನಿನಲ್ಲಿ ಒಂದರೊಳಗೊಂದು ಉಂಗುರ ಬರೆದು, 'ಈಗ ಕೈ ಬಿಡಿಸು' ಎನ್ನುತ್ತಿದ್ದರು. ಗುಡ್ಡಗಳೆಲ್ಲ ಚಪ್ಪಟೆಯಾಗಿ ನಕ್ಷೆಯ ಗೆರೆಗಳಾಗುತ್ತಿದ್ದವು. ಗೆರೆ ಒತ್ತೊತ್ತಾಗಿದ್ದರೆ ಏರು ಕಡಿದು, ದೂರದೂರವಾಗಿದ್ದರೆ ನಡಿಗೆ ಸಲೀಸು. 'ನಿಂಗೆ ಮುಂದಿನ ವರ್ಷ' ಎಂದು ನನ್ನನ್ನು ಅಟ್ಟುತ್ತಿದ್ದರು. ಅಕ್ಕನೋ, ಎರಡು ದಿನ ಆ ಕೈ ತೊಳೆಯುತ್ತಿರಲಿಲ್ಲ! ಬಾಗಿಲ ಸಂದಿಯಿಂದ ನೋಡಿ ನೋಡಿಯೇ ನಾನು ಎಲ್ಲವನ್ನೂ ಕಲಿತೆ, ಆದರೆ ನನ್ನ ಮುಷ್ಟಿಯನ್ನು ಯಾರೂ ಹಿಡಿಯಲಿಲ್ಲ. ನನಗೆ ಬೇಕಿದ್ದದ್ದು ಅಷ್ಟೇ.

ಒಂದು ಮಾಗಿಯಲ್ಲಿ ಅಪ್ಪಯ್ಯ, ಕಾಳ್ಗಿಚ್ಚು ದಾಟದಂತೆ ಕಾಡಿನ ನಡುವೆ ಪಟ್ಟಿಯಾಗಿ ತರಗು, ಪೊದೆ ಸವರಿಸುತ್ತಿದ್ದರು. ಬೆಳಿಗ್ಗೆ ಹೊರಡುವಾಗ ಅಕ್ಕನ ಕೈಗೆ ನಕ್ಷೆ ಕೊಟ್ಟು, 'ನೀನೇ ದಾರಿ ನೋಡ್ಕಂಡು ಬುತ್ತಿ ತಗಂಡು ಬಾ' ಎಂದಿದ್ದರು. ಬುತ್ತಿ ಹೊತ್ತವಳು ನಾನು. ಎರಡು ಹಳ್ಳ ಕೂಡುವಲ್ಲಿ ಅಕ್ಕ ಎಡಕ್ಕೆ ತಿರುಗಿದಳು. ಸರಿಯಾಗಿಯೇ ತಿರುಗಿದ್ದಳು, ಅದು ನನಗೆ ಗೊತ್ತಿತ್ತು. 'ಆ ಕಡೆ ಸಂಕ ಮುರಿದಿದ್ಯಂತೆ. ಅಪ್ಪಯ್ಯ ನಂಗೆ ಹೇಳಿದ್ರು' ಎಂದುಬಿಟ್ಟೆ. ಮಳೆಗಾಲ ಕಳೆದ ಮೇಲೆ ಹಳ್ಳ ದಾಟಲು ಪ್ರತಿವರ್ಷ ಹೊಸದಾಗಿ ಮರ ಹಾಸುವ ಕಾಲುಸಂಕ ಯಾವ ನಕ್ಷೆಯಲ್ಲೂ ಇರುವುದಿಲ್ಲ. ಮೇಲಾಗಿ ನಮ್ಮ ಮನೆಯಲ್ಲಿ ನಕ್ಷೆಗಿಂತ ಅಪ್ಪಯ್ಯನ ಮಾತು ದೊಡ್ಡದು. ಅಕ್ಕ ಬಲಕ್ಕೆ ತಿರುಗಿದಳು.

ಗುಡ್ಡ ಸುತ್ತಿ ತಲುಪುವಾಗ ಹೊತ್ತು ಇಳಿದಿತ್ತು. ಹಸಿದ ಆಳುಗಳೆದುರಿಗೇ ಅಪ್ಪಯ್ಯ, 'ಎಂತ ಮಾರಾಯ್ತಿ, ನಕ್ಷೆ ಕೈಲಿಟ್ಕಂಡೂ ದಾರಿ ತಪ್ತೀಯಲ್ಲ!' ಎಂದರು. ಅಕ್ಕ ತಲೆ ತಗ್ಗಿಸಿದಳು, ನಾನು ಬುತ್ತಿಯ ಗಂಟು ಬಿಚ್ಚತೊಡಗಿದೆ. ಮಾರನೆಯ ಸಂಜೆ ಅವರು ಜಗಲಿಗೆ ಕರೆದದ್ದು ನನ್ನನ್ನು. ಅಕ್ಕ ಒಳಗೆ ಅಮ್ಮನ ಜೊತೆ ಅವರೆಕಾಳು ಹಿಸುಕುತ್ತಿದ್ದಳು. ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಆ ಕ್ವಾರ್ಟರ್ಸ್ ಈಗಿಲ್ಲ, ಅಮ್ಮನೂ ಇಲ್ಲ. ಕೊನೆಗಾಲದಲ್ಲಿ ಅಪ್ಪಯ್ಯ ಇದ್ದದ್ದು ನರಸಿಂಹರಾಜಪುರದ ಅಕ್ಕನ ಮನೆಯಲ್ಲಿ. ಅವರ ವರ್ಷದ ತಿಥಿಗೆ ಹೋದವಳು, ತಡೆಯಲಾರದೆ ಅಕ್ಕನಿಗೆ ಎಲ್ಲ ಹೇಳಿಕೊಂಡೆ. ಅವಳು ಲೋಟ ತೊಳೆಯುತ್ತಲೇ ನಕ್ಕಳು. 'ಗೊತ್ತಿತ್ತು ಕಣೆ. ವಾಪಸ್ ಬರ್ತಾ ಅದೇ ಸಂಕ ದಾಟ್ಕಂಡು ಬಂದ್ವಲ್ಲ! ಅಪ್ಪಯ್ಯಂಗೆ ಅವತ್ತೇ ಹೇಳ್ದೆ. ಪಾಪ, ಆಸೆ ಪಡ್ತಾಳೆ, ಅವಳಿಗೇ ಕಲಿಸಿ ಅಂದೆ. ನಿಂಗೆ ಗೊತ್ತಾಗದು ಬೇಡ ಅಂತ ಇಬ್ರೂ ಮಾತಾಡ್ಕಂಡಿದ್ವಿ.'

ಅಷ್ಟು ವರ್ಷ ನನಗೆ ಕಾಡು ತೋರಿಸುತ್ತ ನಡೆದ ಅಪ್ಪಯ್ಯ ಎಲ್ಲವನ್ನೂ ಬಲ್ಲವರಾಗಿದ್ದರು, ಒಮ್ಮೆಯೂ ಆಡಿ ತೋರಿಸಲಿಲ್ಲ. ಅಕ್ಕನ ದೊಡ್ಡ ಮನಸ್ಸಿಗೆ ನಾನು ಕೈಮುಗಿಯಬೇಕಿತ್ತು. ಸುಳ್ಳೇಕೆ ಹೇಳಲಿ, ಆದದ್ದು ಹೊಟ್ಟೆಕಿಚ್ಚೇ. ಅಪ್ಪಯ್ಯ ಕಣ್ಣು ಮುಚ್ಚುವವರೆಗೂ ಅವರಿಬ್ಬರ ನಡುವೆ ಒಂದು ಗುಟ್ಟಿತ್ತು, ಅದರಲ್ಲಿ ನಾನಿರಲಿಲ್ಲ.