ಶಾಂತಾಬಾಯಿ ಟೀಚರ್ ಕಾರಿನ ನಡುವಿನ ಬೋಲ್ಟು

ದೆವ್ವ, ಗಾಳಿ ಎಂದು ಯಾರಾದರೂ ಮಾತು ಶುರು ಮಾಡಿದರೆ ಎದ್ದುಹೋಗುವ ಜಾಯಮಾನ ನನ್ನದು. ಗಾಡಿ ನಡುದಾರಿಯಲ್ಲಿ ನಿಂತಿತೆಂದು ನಿಂಬೆಹಣ್ಣು ಇಳಿ ತೆಗೆಯುತ್ತಿದ್ದವರಿಗೆ ‘ಮೊದ್ಲು ಡೀಸೆಲ್ ಐತೇನು ನೋಡ್ರಿ’ ಎಂದು ಹೇಳಿ ಬೈಸಿಕೊಂಡವನು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರಲ್ಲ, ಮೆಕ್ಯಾನಿಕ್ ಆದವನ ಹೊಟ್ಟೆ ತುಂಬುವುದೇ ಅದರಿಂದ. ಆದರೆ ಸುರಪುರದಲ್ಲಿ ಆದದ್ದನ್ನು ಎಷ್ಟು ಪ್ರಮಾಣಿಸಿದರೂ ತಾಳೆಯಾಗುತ್ತಿಲ್ಲ. ನೀವು ನಂಬಲೇಬೇಕೆಂಬ ಹಟವೂ ನನಗಿಲ್ಲ.

ಶಹಾಪುರದಲ್ಲಿ ನನ್ನ ಗ್ಯಾರೇಜು. ಜೊತೆಗೆ ಕೆಲಸ ಮಾಡುವವನು ಹೆಂಡತಿಯ ತಮ್ಮ ಸಾಬಣ್ಣ. ಒಂದು ದಿನ ಸುರಪುರದ ಶಾಂತಾಬಾಯಿ ಟೀಚರ್ ಕರೆ ಕಳಿಸಿದರು. ಅವರ ಯಜಮಾನರ ಕಾಲದ ಹಳೆಯ ಕಾರು, ನನಗಿಂತ ವಯಸ್ಸಾದದ್ದು, ಹಿತ್ತಲಿನ ಶೆಡ್ಡಿನಲ್ಲಿತ್ತು. ಯಜಮಾನರು ಇಂಜಿನ್ ಇಳಿಸಿ, ಬುಡಮೇಲು ಮಾಡಿ ಹಲಗೆಯ ಮೇಲಿಟ್ಟು, ಕೆಲಸ ಅರ್ಧಕ್ಕಿರುವಾಗಲೇ ತೀರಿಕೊಂಡಿದ್ದರು. ನಿವೃತ್ತಿಯಾದ ಮೇಲೆ ಟೀಚರ್ ಹಟ ಹಿಡಿದು ಡ್ರೈವಿಂಗ್ ಕಲಿತಿದ್ದರು. ಅವರ ತಂಗಿ ಮುಂಬೈಯಿಂದ ರೈಲಿಗೆ ಬರುವವರಿದ್ದರು. ಯಾದಗಿರಿ ಸ್ಟೇಷನ್ನಿಗೆ ಇದೇ ಕಾರು ಓಡಿಸಿಕೊಂಡು, ಒಬ್ಬರೇ ಹೋಗಿ ಕರೆತರಬೇಕೆಂಬುದು ಅವರ ಆಸೆ.

ಇಂಜಿನ್ನಿನ ಬೆನ್ನೆಲುಬು ಕ್ರ್ಯಾಂಕ್. ಅದನ್ನು ಹಿಡಿದಿಡುವುದು ಮೇನ್ ಬೇರಿಂಗಿನ ಬೋಲ್ಟುಗಳು. ಎಲ್ಲವೂ ಜಂಗು ಹಿಡಿದು ಕಚ್ಚಿಕೊಂಡಿದ್ದವು. ನಡುವಿನದೊಂದು ಮಾತ್ರ ಬಿಚ್ಚಿ, ಕೈಯಲ್ಲಿ ತಿರುಗಿಸಿ ಬಿಟ್ಟಂತೆ ಸಡಿಲವಾಗಿತ್ತು. ಸಾಬಣ್ಣ ಅದನ್ನು ನೋಡಿದವನೇ ಹಿಂದೆ ಸರಿದ.

“ಮಾಮಾ, ಇದು ಬ್ಯಾರೆ ಯಾರೋ ಬಿಚ್ಚ್ಯಾರ. ಬಿಚ್ಚಿದ ಕೈನ ಬಿಗೀಬೇಕು. ನಮ್ಮ ಉಸ್ತಾದ್ರು ಏನ್ ಹೇಳಿದ್ರು?”

ನಮ್ಮ ಉಸ್ತಾದರು ಹಾಗೆ ಹೇಳುತ್ತಿದ್ದದ್ದು ನಿಜ. ಒಬ್ಬ ಬಿಚ್ಚಿ ಇನ್ನೊಬ್ಬ ಬಿಗಿದರೆ ಯಾವುದು ಬಿಗಿದದ್ದು, ಯಾವುದು ಬಿಟ್ಟದ್ದು ಗೊತ್ತಾಗುವುದಿಲ್ಲವೆಂಬ ಸರಳ ಕಾರಣಕ್ಕೆ. ಇವನು ಅದಕ್ಕೆ ಕೋಡು, ಬಾಲ ಹಚ್ಚಿಕೊಂಡಿದ್ದ. “ಬಿಚ್ಚಿದವ್ರು ಸತ್ತು ಹೋಗ್ಯಾರಲ್ಲೋ, ಕರ್ಕೊಂಡು ಬರ್ತೀಯೇನು?” ಎಂದು ಗದರಿದೆ.

ಉಳಿದವನ್ನು ನಾನೇ ಬಿಚ್ಚಿ, ತೊಳೆದು, ಹೊಸ ಬೇರಿಂಗ್ ಕೂರಿಸಿ, ಎಲ್ಲವನ್ನೂ ಬಿಗಿತ ಅಳೆಯುವ ಪಾನಾದಿಂದ, ಅಂದರೆ ಸ್ಪ್ಯಾನರಿನಿಂದ, ಟಕ್ ಎನ್ನುವವರೆಗೆ ಬಿಗಿದೆ. ಬೋಲ್ಟಿನ ತಲೆಯಿಂದ ಬೇರಿಂಗಿನ ಮೇಲಿನ ಕ್ಯಾಪಿನವರೆಗೆ ಬಿಳಿ ಬಣ್ಣದ ಗೆರೆ ಎಳೆದೆ. ಬೋಲ್ಟು ಕೂದಲೆಳೆ ತಿರುಗಿದರೂ ಗೆರೆ ಮುರಿದು ತೋರಿಸುತ್ತದೆ. ಊಟ ಮುಗಿಸಿ ಬಂದು ನೋಡಿದರೆ ನಡುವಿನ ಗೆರೆ ಮುರಿದಿತ್ತು. ಬೆರಳು ಹಚ್ಚಿದರೆ ಬೋಲ್ಟು ಗರಗರ ತಿರುಗಿತು. ಉಳಿದವು ಮಿಸುಕಿರಲಿಲ್ಲ.

ಬೋಲ್ಟಿನ ಸುರುಳಿ ಎಳೆ ಸವೆದಿರಬೇಕೆಂದು ಹೊಸ ಬೋಲ್ಟು ಹಾಕಿ ಬಿಗಿದೆ. ಮರುದಿನ ಮುಂಜಾನೆ ಅದೂ ಸಡಿಲ. ಆಗ ನನ್ನ ಕಣ್ಣು ಸಾಬಣ್ಣನ ಮೇಲೆ ಬಿತ್ತು. ತನ್ನ ಮಾತೇ ಗೆಲ್ಲಲೆಂದು ಮಾಡುತ್ತಿದ್ದಾನೆ ಬದ್ಮಾಷ್ ಎಂದು ಹಲ್ಲು ಕಡಿದೆ. ಅವನು ನನ್ನ ಮಗಳ ತಲೆಯ ಮೇಲೆ ಆಣೆ ಇಡಲು ಹೋದ. ಕೇಳದೆ, ನಾನೇ ನಿಂತು ಶಹಾಪುರದ ಬಸ್ಸು ಹತ್ತಿಸಿದೆ.

ವಾಪಸ್ ಬಂದು ಮತ್ತೆ ಬಿಗಿದು, ಗೆರೆ ಎಳೆದೆ. ಕಿಟಕಿಯ ಸರಳು ಅಲುಗಿಸಿ ನೋಡಿ, ಶೆಡ್ಡಿಗೆ ನನ್ನದೇ ಬೀಗ ಜಡಿದು, ಕೀಲಿ ಜೇಬಿಗಿಳಿಸಿ, ಹೊಸ್ತಿಲ ಮೇಲೆ ಕೂತು ಬುತ್ತಿ ಬಿಚ್ಚಿದೆ. ರೊಟ್ಟಿ, ಪುಂಡಿಪಲ್ಯೆ ತಿನ್ನುತ್ತಲೇ ಸುತ್ತ ಕಣ್ಣಿಟ್ಟಿದ್ದೆ. ಹಿತ್ತಲಲ್ಲಿ ನರಪಿಳ್ಳೆ ಇರಲಿಲ್ಲ. ಕೈ ತೊಳೆದು ಬೀಗ ತೆಗೆದರೆ, ಅಯ್ಯೋ ಶಿವನೇ, ಗೆರೆ ಮುರಿದಿತ್ತು.

ಹೆದರಿದೆ. ಸುಳ್ಳೇಕೆ ಹೇಳಲಿ. ಈ ಬೋಲ್ಟು ಹೀಗೆಯೇ ಹೋದರೆ ಇಂಜಿನ್ ನಡುದಾರಿಯಲ್ಲಿ ಒಮ್ಮೆಲೇ ಜಾಮ್ ಆಗುತ್ತದೆ. ಭೀಮಾ ಸೇತುವೆಯ ಮೇಲೆ, ಹಿಂದೆ ಲಾರಿ, ಸ್ಟೇರಿಂಗ್ ಹಿಡಿದು ಟೀಚರ್ ಒಬ್ಬರೇ. ಹೆದರಿಕೆಯ ಹಿಂದೆಯೇ ಇನ್ನೊಂದು ಗುಮಾನಿಯೂ ಬಂತು: ಇವರೇ ಏನಾದರೂ ಮಾಡುತ್ತಿದ್ದಾರೆಯೇ? ಕಾಮಾಲೆ ಕಣ್ಣಿಗೆ ಎಲ್ಲವೂ ಹಳದಿ ನೋಡಿ.

ಚಹಾ ತಂದವರನ್ನು ಸಿಟ್ಟಿನಿಂದಲೇ ಕೇಳಿದೆ. “ಟೀಚರ್, ಖರೇ ಹೇಳ್ರಿ. ಈ ಬೋಲ್ಟಿಗೆ ಯಾರು ಕೈ ಹಚ್ಚಾಕತ್ತಾರ?”

ಅವರು ಇಂಜಿನ್ನನ್ನು ನೋಡುತ್ತ ನಿಂತರು. ಚಹಾದ ಲೋಟ ಕಿಟಕಿಯಲ್ಲಿಟ್ಟರು.

“ಅದನ್ನ ನಮ್ಮ ಯಜಮಾನ್ರು ಬಿಚ್ಚಿಲ್ಲ ತಮ್ಮಾ. ನಾನು ಬಿಚ್ಚೀನಿ. ಅವತ್ತು ಎದಿ ಹಿಡಿದಂಗ ಆಗ್ಯದ ಅಂತ ಪಾನಾ ನನ್ನ ಕೈಯಾಗ ಕೊಟ್ಟು, ತಾವು ಬ್ಯಾಟರಿ ಬೆಳಕು ಹಿಡಕೊಂಡು ಕುಂತ್ರು. ಅದು ಬಿಚ್ಚಿ ಬಂದಾಗ ಎಷ್ಟು ನಕ್ರು ಗೊತ್ತೇನು! ‘ಸಾಕು, ಉಳಿದದ್ದು ನಾಳಿ. ಬಿಚ್ಚಿದಾಕಿ ನೀನು, ಬಿಗಿಯಾಕಿನೂ ನೀನ’ ಅಂದ್ರು.” ಸೆರಗಿನಿಂದ ಮೂಗೊರೆಸಿಕೊಂಡರು. “ನಾಳಿ ಬರಲೇ ಇಲ್ಲ.”

ಪಾನಾ ಅವರ ಕೈಗಿತ್ತೆ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಲ್ಲು ಕಚ್ಚಿ ಬಿಗಿದರು. ಟಕ್ ಎಂದಿತು. ನಾನು ಗೆರೆ ಎಳೆದೆ. ಅಂದು ಸಂಜೆ ನೋಡಿದೆ, ಮರುದಿನ ನೋಡಿದೆ, ಗೆರೆ ನೆಟ್ಟಗಿತ್ತು. ಇಂಜಿನ್ ಕಾರಿಗೆ ಕೂರಿಸಿಕೊಟ್ಟೆ.

ಟೀಚರ್ ತಾವೇ ಕಾರು ಓಡಿಸಿಕೊಂಡು ಯಾದಗಿರಿಗೆ ಹೋಗಿ ತಂಗಿಯನ್ನು ಕರೆತಂದರು. ಬರುವ ದಾರಿಯಲ್ಲಿ ನನ್ನ ಗ್ಯಾರೇಜಿನ ಮುಂದೆ ಹಾರ್ನ್ ಬಾರಿಸಿದರು. ಆಯಿಲ್ ಬದಲಿಸಲು ಬಂದಾಗಲೆಲ್ಲ ಅಡಿಯಲ್ಲಿ ನುಸುಳಿ, ಇಂಜಿನ್ ಬುಡದ ಆಯಿಲ್ ಚೇಂಬರ್ ಇಳಿಸಿ ನೋಡುತ್ತೇನೆ. ಬೇಡದ ಕೆಲಸ ಅದು. ಗೆರೆ ಹಾಗೆಯೇ ಇದೆ. ಕಬ್ಬಿಣಕ್ಕೆ ಕೈಯ ಗುರುತು ಇರುತ್ತದೆಯೇ? ಇರುವುದಿಲ್ಲವೆಂದೇ ಇಂದಿಗೂ ವಾದಿಸುತ್ತೇನೆ. ಆದರೆ ಯಾರಾದರೂ ಅರ್ಧ ಬಿಚ್ಚಿದ ಇಂಜಿನ್ ತಂದರೆ, ನನ್ನ ಬಾಯಿಂದ ಮೊದಲು ಬರುವ ಮಾತು, “ಬಿಚ್ಚಿದವ್ರು ಯಾರ್ರಿ? ಅವ್ರನ್ನ ಕರ್ಕೊಂಡು ಬರ್ರಿ.”

ಸಾಬಣ್ಣ ಆಗ ಗೋಡೆಯ ಕಡೆ ತಿರುಗಿ ನಗುತ್ತಾನೆ. ಅವನನ್ನು ಬಸ್ಸು ಹತ್ತಿಸಿದವನು ನಾನೇ. ಆದರೂ ಆ ನಗು ಕಂಡಾಗ, ಅವನು ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ ಬಂದಿರಲಿಲ್ಲ ತಾನೇ, ಎನಿಸುತ್ತದೆ. ಬಂದು ಅವನೇ ಬಿಚ್ಚಿರಲಪ್ಪಾ ಎಂದೂ ಎನಿಸುತ್ತದೆ. ಆದರೆ ಬೀಗದ ಕೀಲಿ ನನ್ನ ಜೇಬಿನಲ್ಲೇ ಇತ್ತು.