ಯಮಕನಮರಡಿಯಲ್ಲಿ ಮೊದಲ ತುತ್ತು

ಮೂಡಲಗಿಯಲ್ಲಿ ಬೆಳಗಿನ ಬಸ್ಸು ಹತ್ತುವಾಗಲೇ ನನ್ನ ತಲೆಯಲ್ಲಿ ಒಂದೇ ಮಾತು: ದೀಪಾಳ ಮೊದಲ ತುತ್ತು ನನ್ನದು. ದೀಪಾ ನನ್ನ ತಂಗಿ ಸುವರ್ಣಾಳ ಮಗಳು. ಅವತ್ತು ಯಮಕನಮರಡಿಯ ತವರಿನಲ್ಲಿ ಅವಳ ಕುಬುಸ, ಅಂದರೆ ಸೀಮಂತ. ಉಡಿ ತುಂಬಿ ಆರತಿಯಾದ ಮೇಲೆ ಬಸುರಿ ತನ್ನ ತಾಟಿನ ಮೊದಲ ತುತ್ತನ್ನು ತೀರ ಬೇಕಾದವರ ಬಾಯಿಗಿಡುವುದು ನಮ್ಮ ಮನೆತನದ ರೂಢಿ. ಹೆತ್ತ ತಾಯಿಗೆ ಇಡುವಂತಿಲ್ಲ. ಉಳಿದವಳು ದೊಡ್ಡವ್ವ, ಅಂದರೆ ನಾನು. ಆದರೆ ಸುವರ್ಣಾಳ ಬಾಜೂ ಮನೆಯಲ್ಲಿ ಮಮ್ತಾಜ ಅಂತ ಒಬ್ಬಳಿದ್ದಾಳೆ. ಫೋನು ಮಾಡಿದಾಗೆಲ್ಲ ಮಮ್ತಾಜ ಹಂಗಂದ್ಲು, ಮಮ್ತಾಜ ಹಿಂಗಂದ್ಲು. ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ಆಧಾರ್ ತೋರಿಸಿ ಪುಕ್ಕಟೆ ಟಿಕೆಟ್ ಪಡೆದು ಕಿಟಕಿಗೆ ಕುಳಿತೆ. ನಾಗನೂರಿನ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು. ಗೋಕಾಕದಲ್ಲಿ ಇಳಿದು ಕರದಂಟು ಕೊಂಡೆ. ನಿಲ್ದಾಣದ ಎದುರು ಬಿಸಿ ಮಿರ್ಚಿ ಕರಿಯುತ್ತಿದ್ದರು. ಕುಬುಸದ ಊಟಕ್ಕೆ ಹೊಟ್ಟೆ ಖಾಲಿ ಇರಲಿ ಎಂದು ಮುಖ ತಿರುಗಿಸಿದೆ.

ಹುಕ್ಕೇರಿಯ ಬಸ್ಸಿನಲ್ಲಿ ಪಕ್ಕದ ಅಜ್ಜಿಗೆ ನೀರಿನ ಬಾಟಲಿ ಚಾಚಿದೆ. “ಬ್ಯಾಡ ತಂಗೀ, ರೋಜಾ ಐತಿ,” ಎಂದಳು. ರಂಜಾನ್ ನಡೆದಿರುವುದು ಆಗ ನೆನಪಾಯಿತು. ನನಗೆ ಎಂಥ ಖುಷಿಯಾಯಿತು ಅಂತೀರಿ! ಮಮ್ತಾಜಳಿಗೂ ರೋಜಾ ಇರಬೇಕಲ್ಲ. ಹಗಲು ಹೊತ್ತು ಹನಿ ನೀರನ್ನೂ ಮುಟ್ಟುವಂತಿಲ್ಲ, ಇನ್ನು ತುತ್ತು ಎಲ್ಲಿಂದ! ಹುಕ್ಕೇರಿಯಲ್ಲಿ ಮತ್ತೊಂದು ಬಸ್ಸು ಹಿಡಿಯುವಾಗ ಬಿಸಿಲು ಚುರುಗುಟ್ಟುತ್ತಿತ್ತು. ನಾನು ಮಾತ್ರ ನಗುನಗುತ್ತ ಹತ್ತಿದೆ.

ಮಧ್ಯಾಹ್ನ ಮುಟ್ಟಿದೆ. ಪಡಸಾಲೆ ತುಂಬ ಹೆಂಗಸರು. ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದವಳು ಮಮ್ತಾಜ, ಅದೂ ಉಪವಾಸದಲ್ಲಿ! ತಾನು ರುಚಿ ನೋಡುವಂತಿಲ್ಲವೆಂದು ಹೂರಣವನ್ನು ಸುವರ್ಣಾಳ ಬಾಯಿಗಿಟ್ಟು ಬೆಲ್ಲ ಸಾಕೇ ಎಂದು ಕೇಳುತ್ತಿದ್ದಳು.

“ಊಟಕ್ಕ ಯಾವಾಗ ಕುಂದರಸ್ತೀ?” ಎಂದು ತಂಗಿಯನ್ನು ಕೇಳಿದೆ.

“ಹೊತ್ತ ಮುಳುಗಿದ ಮ್ಯಾಲಕ್ಕಾ. ಮಮ್ತಾಜಂದು ರೋಜಾ ಬಿಡೂತನಾ ದೀಪಾ ತಾಟ ಮುಟ್ಟೂದಿಲ್ಲ ಅಂದಾಳ. ಬಸುರಿಗೆ ಹಾಲು ಹಣ್ಣು ಕೊಟ್ಟೇವಿ, ಉಳಿದಾವ್ರು ತಡಕೋಬೇಕು.”

“ಇಷ್ಟೂ ಮಂದಿ ಹಸಕೊಂಡ ಕುಂದರೂದೇನ?”

“ಒಂದ ದಿನಾ ಏನಾಗ್ತೈತಿ? ಅಕಿ ತಿಂಗಳ ಪೂರಾ ತಡಕೋತಾಳ.”

“ನಾನೂ ಬ್ಯಾಡಂದೆನ್ರಿ ಅಕ್ಕಾರ,” ಎಂದಳು ಮಮ್ತಾಜ. “ಹುಡುಗಿ ಕೇಳವಲ್ಲಳು.”

ಅಷ್ಟು ಮೆತ್ತಗೆ ಹೇಳಿದಳಲ್ಲ, ಅದಕ್ಕೇ ನನಗೆ ಇನ್ನಷ್ಟು ಉರಿಯಿತು. ಉಡಿ ತುಂಬಿದೆವು, ಆರತಿ ಎತ್ತಿದೆವು, ಹಾಡಿದೆವು. ಹೊತ್ತು ಇಳಿಯಲೊಲ್ಲದು. ನನ್ನ ಹೊಟ್ಟೆ ತಾಳ ಹಾಕುತ್ತಿತ್ತು. ಒಬ್ಬಳಾದರೂ ಗೊಣಗಲಿ ಎಂದು ಕಾದೆ. ಯಾರೂ ಗೊಣಗಲಿಲ್ಲ.

ಮಸೀದಿಯಿಂದ ಆಜಾನ್ ಕೇಳಿಸಿತು. ಮಮ್ತಾಜ ಕಣ್ಣು ಮುಚ್ಚಿ ತನ್ನ ದೇವರನ್ನು ನೆನೆದು ಖರ್ಜೂರ ತಿಂದಳು. ದೀಪಾ ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿ ಅವಳ ಬಾಯಿಗಿಟ್ಟಳು. ಇಬ್ಬರ ಕಣ್ಣಲ್ಲೂ ನೀರು. ಎರಡನೆಯ ತುತ್ತು ನನಗೆ ಬಂತು. ಬಾಯಿ ತೆರೆದೆ, ನುಂಗಿದೆ. ರುಚಿ ಗೊತ್ತಾಗಲಿಲ್ಲ. ತುತ್ತಿನ ಮಾತು ಹಾಳಾಗಲಿ, ನನಗೋಸ್ಕರ ಯಾರಾದರೂ ಒಂದು ಮನೆ ಮಂದಿಯನ್ನೆಲ್ಲ ಹೀಗೆ ಹಸಿವಿನಲ್ಲಿ ಕೂರಿಸಿದ್ದುಂಟೇ? ಮಮ್ತಾಜಳ ಮೇಲೆ ಹೊಟ್ಟೆಕಿಚ್ಚಾಯಿತು.

ಮರುದಿನ ಬಸ್ಸಿಗೆ ನನ್ನ ಚೀಲ ಹೊತ್ತು ಬಂದವಳೂ ಅವಳೇ. ನಾನು ಬಸ್ಸು ಬರುವ ದಾರಿಯನ್ನೇ ನೋಡುತ್ತ ನಿಂತೆ. ಬಸ್ಸು ಬಂದಾಗ ಅವಳೇ ಕೇಳಿದಳು, “ಅಕ್ಕಾರ, ನೀವು ಸೋಮವಾರ ಒಪ್ಪತ್ತ ಮಾಡ್ತೀರಂತಲ್ರಿ, ಸಂಜೀಕ ಲಿಂಗಪೂಜಿ ಆದ ಮ್ಯಾಲನ ಊಟ ಅಂತ?”

“ಹೌದು. ಯಾಕ?”

“ಕೂಸಿನ ತೊಟ್ಟಿಲ ಕಾರ್ಯಾ ಸೋಮವಾರ ಬಂತಂದ್ರ, ನಿಮ್ಮ ಪೂಜಿ ಮುಗಿಯೂತನಾ ನಾವ್ಯಾರೂ ಉಣ್ಣೂದಿಲ್ರಿ. ದೀಪಾಗ ಈಗ ಹೇಳಿಟ್ಟೇನಿ.”

ನೋಡಿದಿರಾ? ಒಳ್ಳೆಯ ಮಾತನ್ನೂ ನನಗಿಂತ ಮೊದಲು ಅವಳೇ ಆಡಿಬಿಟ್ಟಳು. ಸಿಟ್ಟಿನಲ್ಲೇ ಬಸ್ಸು ಹತ್ತಿ ಕೂತೆ. ಹುಕ್ಕೇರಿ ಬರುವವರೆಗೂ ಕಿಟಕಿಗೆ ಹಣೆ ಹಚ್ಚಿ ಒಂದೇ ಬೇಡಿಕೊಂಡೆ: ಗಂಡಾಗಲಿ ಹೆಣ್ಣಾಗಲಿ, ತೊಟ್ಟಿಲು ಮಾತ್ರ ಸೋಮವಾರವೇ ಬರಲಿ ಶಿವನೇ.